ಡ್ರಮ್ಮಿನೊಳಗಿನ ಸುಣ್ಣ

ಜನವರಿ 15, ಬುಧವಾರ. ಬೆಳಿಗ್ಗೆ 9.40

ಪ್ರೆಶರ್: ಸೊನ್ನೆ. ವಾಟರ್ ಲೆವೆಲ್: ಸೊನ್ನೆ. ಡ್ಯೂಟಿಯಲ್ಲಿರುವವರು: ಶಂಭುಲಿಂಗ, ಫಸ್ಟ್ ಕ್ಲಾಸ್ ಬಾಯ್ಲರ್ ಅಟೆಂಡೆಂಟ್.

ಬಾಯ್ಲರಿನ ಮ್ಯಾನ್‌ಹೋಲ್ ತೆಗೆದು ಒಳಗೆ ಇಳಿದೆ. ಎರಡು ಡ್ರಮ್, ಹದಿನಾರು ಟ್ರೇ. ಮೇಲಿನ ಡ್ರಮ್ಮಿನ ಸುಣ್ಣವೆಲ್ಲ ಇನ್ನೂ ಗಟ್ಟಿ ಹರಳು. ಕೆಳಗಿನದರಲ್ಲಿ ಎರಡು ಟ್ರೇ ಹಿಟ್ಟಾಗಿದೆ. ಗಾಳಿಯ ತೇವವನ್ನು ಸುಣ್ಣ ಕುಡಿದಿದೆ ಅಂತ ಅರ್ಥ. ಸುಣ್ಣ ಕುಡಿಯದಿದ್ದರೆ ಕಬ್ಬಿಣ ಕುಡಿಯುತ್ತಿತ್ತು, ತುಕ್ಕು ಹಿಡಿಯುತ್ತಿತ್ತು. ಎರಡನ್ನೂ ಬದಲಾಯಿಸಿದೆ. ಅರ್ಧ ಟ್ರೇ ಮಾತ್ರ. ಸುಟ್ಟ ಸುಣ್ಣ ಉಬ್ಬುತ್ತದೆ, ತುಂಬ ಹಾಕಿದರೆ ಹೊರಗೆ ಚೆಲ್ಲುತ್ತದೆ. ಇದನ್ನು ನನಗೆ ಕಲಿಸಿದವರು ಈಗಿಲ್ಲ. ನಾನು ಕಲಿಸುವುದಕ್ಕೂ ಯಾರೂ ಇಲ್ಲ.

ಸಕ್ಕರೆ ಮಿಲ್ ನಿಂತು ಹತ್ತು ವರ್ಷ. ಮುನ್ನೂರು ಜನರಲ್ಲಿ ಉಳಿದವರು ಮೂವರು - ಮ್ಯಾನೇಜರ್ ಕೊಟ್ರಯ್ಯ, ಗೇಟಿನ ವಾಚ್‌ಮನ್, ನಾನು. ಸ್ಟೋರಿನಲ್ಲಿ ಲಾಗ್ ಬುಕ್ಕುಗಳು ಕಟ್ಟುಕಟ್ಟಾಗಿ ಉಳಿದಿವೆ. ಉರಿಯದ ಬಾಯ್ಲರಿಗೆ ಲಾಗ್ ಯಾಕೆ ಅಂತ ಕೊಟ್ರಯ್ಯ ನಗುತ್ತಾನೆ. ನಗಲಿ. ಅವನ ಆಫೀಸಿನಲ್ಲಿ ಜೇಡ ಬಲೆ ಕಟ್ಟಿದೆ, ನನ್ನ ಡ್ರಮ್ಮಿನಲ್ಲಿ ಕಟ್ಟಿಲ್ಲ.

ಗೇಟಿನ ಮುಂದೆ ಕಂಪ್ಲಿಯ ಕಬ್ಬಿನ ಲಾರಿಗಳು ಹೋದವು. ಎಲ್ಲವೂ ಬೇರೆ ಜಿಲ್ಲೆಯ ಮಿಲ್‌ಗಳಿಗೆ. ಎಣಿಸಬಾರದು ಅಂದುಕೊಂಡಿದ್ದೆ. ಎಣಿಸಿದೆ. ಎಂಟು.

ಸಂಜೆ 6

ಸಂಡೂರಿನಿಂದ ನಮ್ಮ ಹಳೆಯ ಫೈರ್‌ಮನ್ ಪಂಪಣ್ಣನ ಫೋನ್. ಪ್ರತಿ ತಿಂಗಳು ಹದಿನೈದಕ್ಕೆ ತಪ್ಪದೆ. ಹಲೋ ಇಲ್ಲ, ಊಟ ಆಯಿತೇ ಇಲ್ಲ.

"ಸುಣ್ಣ ಹೆಂಗೈತಲೇ?"

"ಗಟ್ಟಿ ಐತಿ. ಎರಡು ಟ್ರೇ ಹಿಟ್ಟಾಗಿದ್ವು, ಬದ್ಲಿ ಮಾಡೀನಿ."

"ಹಂಗಾರ ಆತು ಬಿಡು."

ಕೆಮ್ಮಿದ. ಫೋನ್ ಇಟ್ಟ. ಕೆಮ್ಮು ಹೋದ ತಿಂಗಳಿಗಿಂತ ಉದ್ದ ಇತ್ತು.

ಜನವರಿ 22

ನನ್ನ ಹೆಂಡತಿ ಹೇಮಾವತಿ ಹಂಪಿಯಿಂದ ಕೊನೆ ಬಸ್ಸಿಗೆ ಬಂದಳು. ಅಲ್ಲಿ ಗೆಸ್ಟ್ ಹೌಸಿನಲ್ಲಿ ಚಾದರ, ಟವೆಲ್ ಒಗೆಯುವ ಕೆಲಸ. ಈಗ ಟೂರಿಸ್ಟ್ ಸೀಸನ್. ಸೋಪಿಗೆ ಅವಳ ಬೆರಳು ಬಿಳಿಚಿವೆ, ಸುಣ್ಣಕ್ಕೆ ನನ್ನವು ಒಡೆದಿವೆ. ಇಬ್ಬರೂ ಒಂದೇ ಕೊಬ್ಬರಿ ಎಣ್ಣೆ ಬಾಟಲಿಯಿಂದ ಹಚ್ಚಿಕೊಂಡು ಕುಳಿತೆವು.

"ಹಂಪ್ಯಾಗ ಬಿದ್ದ ಕಲ್ಲು ನೋಡಾಕ ಪರದೇಶದಿಂದ ಬರ್ತಾರ. ನಿನ್ನ ಬಾಯ್ಲರ್ ನೋಡಾಕ ಕಂಪ್ಲಿಯಿಂದರ ಯಾರ ಬಂದಾರೇನು?" ಅಂದಳು.

ನಾನೂ ನಕ್ಕೆ. ಆಮೇಲೆ ಸಿಟ್ಟು ಬಂತು. ಬಿದ್ದ ಕಲ್ಲಿಗೂ ನಿಂತ ಬಾಯ್ಲರಿಗೂ ವ್ಯತ್ಯಾಸ ಇದೆ ಅಂತ ಅವಳಿಗೆ ಹೇಳಬೇಕಿತ್ತು. ಅಷ್ಟರಲ್ಲಿ ನಿದ್ದೆ ಹೋಗಿದ್ದಳು.

ಫೆಬ್ರವರಿ 13, ಗುರುವಾರ

ಕೊಟ್ರಯ್ಯ ಆಫೀಸಿಗೆ ಕರೆಸಿ ಪೇಪರ್ ನನ್ನ ಮುಂದೆ ಹಾಸಿದ. ಹೊಸ ಕೈಗಾರಿಕಾ ನೀತಿ. ತಾಲ್ಲೂಕುಗಳನ್ನು ವಲಯಗಳಾಗಿ ಮಾಡುತ್ತಾರಂತೆ. ಹಿಂದುಳಿದ ಭಾಗಕ್ಕೆ ಒತ್ತು. ಹತ್ತು ವರ್ಷದಲ್ಲಿ ಇದು ಎಷ್ಟನೆಯ ಒತ್ತೋ. ಹಿಂದೆ ಒಮ್ಮೆ ಮಿಲ್ ಎಬ್ಬಿಸುವ ಫೈಲು ಹೊರಟಿತ್ತು. ಅಷ್ಟರಲ್ಲಿ ಜಿಲ್ಲೆ ಎರಡಾಯಿತು. ಹೊಸಪೇಟೆ ಆ ಕಡೆ, ಕಂಪ್ಲಿ ಈ ಕಡೆ. ಫೈಲು ಯಾವ ಕಡೆ ಅಂತ ವರ್ಷವಾದರೂ ಯಾರಿಗೂ ತಿಳಿಯಲಿಲ್ಲ.

ಆದರೂ ಮೂರು ಸಲ ಓದಿದೆ. ಕಟಿಂಗ್ ಮಾಡಿ ಇಲ್ಲೇ ಅಂಟಿಸಿದ್ದೇನೆ. ಐವತ್ತಾರು ವರ್ಷದ ಮನುಷ್ಯನಿಗೆ ಇಷ್ಟು ಆಸೆ ಇರಬಾರದು.

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ

ಊಟ ಬಿಟ್ಟು ಬರೆಯುತ್ತಿದ್ದೇನೆ.

ಕೊಟ್ರಯ್ಯ ಬಾಯ್ಲರ್ ಹೌಸಿಗೆ ತಾನೇ ಬಂದ. ಎರಡು ವರ್ಷದಲ್ಲಿ ಮೊದಲ ಸಲ.

"ಶಂಭುಲಿಂಗಪ್ಪ, ಪಾರ್ಟಿ ಬಂದೈತಿ. ಬಾಯ್ಲರ್ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಂತ. ಹೈಡ್ರಾಲಿಕ್ ಟೆಸ್ಟ್ ಮಾಡಿಸ್ಬೇಕು."

"ಮಿಲ್ ಶುರು ಆಕ್ಕೈತೇನ್ರಿ?"

"ಪಾರ್ಟಿ ಬಂದೈತಿ ಅಂತ ಹೇಳೀನಿ. ಜಾಸ್ತಿ ಕೇಳಬ್ಯಾಡ್ರಿ."

ಜಾಸ್ತಿ ಕೇಳಲಿಲ್ಲ. ಕೇಳುವುದೇನಿದೆ. ಉರಿಸುವವರಿಗೇ ಅಲ್ಲವೇ ಫಿಟ್‌ನೆಸ್ ಬೇಕಾಗುವುದು.

ಪಂಪಣ್ಣನಿಗೆ ಫೋನ್ ಮಾಡಿದೆ. ಹದಿನೈದನೆಯ ತಾರೀಖು ಅಲ್ಲದ್ದಕ್ಕೆ ಹೆದರಿಬಿಟ್ಟ. ವಿಷಯ ಹೇಳಿದೆ. ಕೆಮ್ಮಿದ. ಆಮೇಲೆ, "ಬೆಂಕಿ ನಂದಲೇ. ಬ್ಯಾರೆದೋರ ಕೈಗೆ ಕೊಡಬ್ಯಾಡ" ಅಂದ.

ಅವನು ಇದೇ ಬಾಯ್ಲರಿಗೆ ಹತ್ತೊಂಬತ್ತು ವರ್ಷ ಫೈರ್‌ಮನ್. ಬೆಂಕಿಯ ಬಣ್ಣ ನೋಡಿ ಸ್ಟೀಮ್ ಎಷ್ಟಿದೆ ಅಂತ ಹೇಳುತ್ತಿದ್ದ, ಗೇಜ್ ನೋಡಿದರೆ ಅಷ್ಟೇ ಇರುತ್ತಿತ್ತು. ಅವನು ಇವತ್ತು ಸಂಡೂರಿನ ಕ್ರಷರಿನಲ್ಲಿ ಕೆಂಪು ಧೂಳು ಕುಡಿಯುತ್ತಿರುವುದು ನನ್ನಿಂದ. ಇದನ್ನು ಇಲ್ಲಿಯವರೆಗೆ ಬರೆದಿಲ್ಲ. ಬರೆಯುತ್ತೇನೆ.

2016ರ ಜುಲೈ. ಮಿಲ್ ನಿಂತು ಒಂದು ಸೀಸನ್ ಖಾಲಿ ಹೋಗಿತ್ತು. ದೊಡ್ಡ ಫ್ಯಾಕ್ಟರಿಯೊಂದರ ಬಾಯ್ಲರ್ ಹೌಸಿಗೆ ಪಂಪಣ್ಣ ಸೆಲೆಕ್ಟ್ ಆದ. ಪರ್ಮನೆಂಟ್. ಲೆಟರ್ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದ. "ಹೋಗ್ಲೇನು, ಇರ್ಲೇನು?" ಅಂದ. ನಾನು ಅವನ ಕೈ ಹಿಡಿದು ಡ್ರಮ್ಮಿನ ಹತ್ತಿರ ಕರೆದುಕೊಂಡು ಹೋಗಿ ಟ್ರೇ ತೋರಿಸಿದೆ. "ನೋಡು, ಸುಣ್ಣ ಗಟ್ಟಿ ಐತಿ. ಬಾಯ್ಲರ್ ಕೆಟ್ಟಿಲ್ಲ. ಬರೋ ಸೀಸನ್ ಹತ್ತಸ್ತೀವಿ. ನೀ ಹೋದ್ರ ಬೆಂಕಿ ಯಾರ ನೋಡ್ತಾರ?" ಅಂದೆ. ಅವನು ಲೆಟರ್ ಮಡಚಿ ಜೇಬಿಗೆ ಇಟ್ಟ. ಎರಡು ಸೀಸನ್ ಕಾದ. ಆಮೇಲೆ ಆ ಫ್ಯಾಕ್ಟರಿಯವರು ವಯಸ್ಸು ಮೀರಿತು ಅಂದರು.

ಹೇಳುವಾಗ ನಾನು ನಂಬಿಯೇ ಹೇಳಿದ್ದೆ. ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಮಾರ್ಚ್ 18

ಹಳೆಯವರು ಐದು ಜನ ಬಂದಿದ್ದಾರೆ. ಯಾರೂ ಕೂಲಿ ಕೇಳಲಿಲ್ಲ. ಹದಿನಾರೂ ಟ್ರೇ ಹೊರಗೆ ತೆಗೆದೆವು. ಟ್ಯೂಬುಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಬಡಿದು ನೋಡಿದೆ. ಒಳ್ಳೆಯ ಟ್ಯೂಬು ಗಂಟೆಯ ಹಾಗೆ ಕೇಳುತ್ತದೆ, ತಿಂದುಹೋದದ್ದು ಮಡಕೆಯ ಹಾಗೆ. ಒಂದೂ ಮಡಕೆ ಇಲ್ಲ.

ಪಂಪಣ್ಣ ರಜೆ ಹಾಕಿ ಬಂದಿದ್ದಾನೆ. ನೋಡಿ ಗಾಬರಿಯಾಯಿತು. ಅಂಗಿ ಹ್ಯಾಂಗರಿಗೆ ಹಾಕಿದಂತಿದೆ. ಮೆಟ್ಟಿಲು ಹತ್ತುವಾಗ ಎರಡು ಕಡೆ ಕುಳಿತ. "ಡಾಕ್ಟರ್ ಏನಂದ್ರು?" ಅಂದೆ. "ಧೂಳಿನ ಜಾಗ ಬಿಡು ಅಂದ್ರು. ಬಿಟ್ಟೆ ನೋಡು, ಬಂದೀನಿ" ಅಂದ. ನಕ್ಕ.

ಮಾರ್ಚ್ 21, ಶುಕ್ರವಾರ

ಪ್ರೆಶರ್: 40 ಕೆ.ಜಿ.

ಹತ್ತು ವರ್ಷದಲ್ಲಿ ಈ ಕಾಲಮ್ಮಿನಲ್ಲಿ ಸೊನ್ನೆ ಅಲ್ಲದ್ದು ಬರೆದದ್ದು ಇವತ್ತೇ. ಸ್ಟೀಮ್ ಅಲ್ಲ, ಬರೀ ನೀರಿನ ಪ್ರೆಶರ್, ಗೊತ್ತು. ಆದರೂ ನಲವತ್ತು.

ಇನ್‌ಸ್ಪೆಕ್ಟರ್ ಹನ್ನೊಂದಕ್ಕೆ ಬಂದರು. ಬಾಯ್ಲರಿನ ತುಂಬ ನೀರು ತುಂಬಿಸಿಟ್ಟಿದ್ದೆವು. ಪ್ರೆಶರ್ ಏರಿಸಬೇಕಾದ ಮೋಟರ್ ಸರಿಯಾದ ಸಮಯಕ್ಕೆ ಸುಟ್ಟುಹೋಯಿತು. ಕೈಪಂಪ್ ತೆಗೆದೆವು. ಒಬ್ಬೊಬ್ಬರು ನೂರು ಹೊಡೆತ. ಮೂವತ್ತು ಕೆ.ಜಿ. ದಾಟಿದ ಮೇಲೆ ಹಿಡಿ ಬಗ್ಗುವುದಿಲ್ಲ, ಮೈ ಭಾರ ಹಾಕಬೇಕು. ಪಂಪಣ್ಣ ಮುಂದೆ ಬಂದ.

"ನಿನ್ನ ಕೈಲೆ ಆಗಂಗಿಲ್ಲ, ಕುಂದ್ರು."

"ಹತ್ತೊಂಬತ್ತು ವರ್ಷ ಬೆಂಕಿ ಹಾಕೀನಿ. ನೀರು ತಳ್ಳಾಕ ಆಗಂಗಿಲ್ಲೇನು? ಸರಿ ಅತ್ಲಾಗ."

ಸರಿದೆ. ಸರಿಯಬಾರದಿತ್ತು. ಕೊನೆಯ ಆರು ಕೆ.ಜಿ. ಏರಿಸಿದವನು ಅವನೇ. ಮುಖ ನೀಲಿಯಾಗಿತ್ತು. ನಲವತ್ತಕ್ಕೆ ಗೇಜಿನ ಮುಳ್ಳು ನಿಂತಿತು, ವಾಲ್ವ್ ಬಂದ್ ಮಾಡಿದೆವು. ಮೂವತ್ತು ನಿಮಿಷ ಆ ಮುಳ್ಳು ಅಲುಗಬಾರದು. ಏಳು ಜನ ಒಂದು ಮುಳ್ಳನ್ನು ನೋಡುತ್ತ ನಿಂತೆವು. ಪಂಪಣ್ಣ ನೆಲದ ಮೇಲೆ ಕುಳಿತು, ಕೆಮ್ಮು ಬಂದಾಗ ಟವೆಲ್ಲಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಎಲ್ಲಿ ಮುಳ್ಳು ಅಲುಗುತ್ತದೋ ಅನ್ನುವಂತೆ.

ಒಂದು ಪಾಯಿಂಟ್ ಇಳಿಯಲಿಲ್ಲ.

"ಹತ್ತು ವರ್ಷ ನಿಂತ ಬಾಯ್ಲರ್ ಅಂದ್ರ ಯಾರೂ ನಂಬಂಗಿಲ್ಲ" ಅಂದರು ಇನ್‌ಸ್ಪೆಕ್ಟರ್. ನಾನು ಚಿಮಣಿಯ ಹಿಂದೆ ಹೋಗಿ ಅತ್ತೆ. ಆಮೇಲೆ ಎಲ್ಲರೂ ಕಂಪ್ಲಿ ಸರ್ಕಲ್ಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ಪಂಪಣ್ಣನಿಗೆ ಖಾರ ಆಗಲಿಲ್ಲ. ಚಹಾ ಕುಡಿದ.

ಮಾರ್ಚ್ 22, ಶನಿವಾರ

ನೀರು ಬಸಿದ ಮೇಲೆ ಒಳಗಿನ ತೇವ ಆರಲು ಸಣ್ಣ ಬೆಂಕಿ ಹಾಕಬೇಕು. ಆರಿದ ಮೇಲೆ ಮತ್ತೆ ಸುಣ್ಣ. ಬೆಂಕಿ ಪಂಪಣ್ಣನೇ ಹಾಕಿದ. ಹಳೆಯ ಕಬ್ಬಿನ ಸಿಪ್ಪೆ, ನಾಲ್ಕು ಜಾಲಿ ತುಂಡು. ಫೈರ್‌ಮನ್‌ಗಳು ಬೆಂಕಿ ನೋಡುವ ನೀಲಿ ಗಾಜು ಅವನ ಹತ್ತಿರ ಇನ್ನೂ ಇದೆ. ಕಣ್ಣಿಗೆ ಹಿಡಿದು ನೋಡಿದ. ಅಷ್ಟು ಸಣ್ಣ ಬೆಂಕಿಗೆ ಗಾಜು ಬೇಕಿರಲಿಲ್ಲ.

ಚಿಮಣಿಯಲ್ಲಿ ಹೊಗೆ ಬಂತು. ಅದನ್ನು ಯೋಚಿಸಿಯೇ ಇರಲಿಲ್ಲ. ಅರ್ಧ ಗಂಟೆಯಲ್ಲಿ ಗೇಟಿನ ಮುಂದೆ ಬೈಕುಗಳು, ಒಂದು ಟ್ರ್ಯಾಕ್ಟರ್. ಕಂಪ್ಲಿ ಕಡೆಯ ಕಬ್ಬು ಬೆಳೆಗಾರರು. ಅಂಜಿನೇಯ ಅನ್ನುವವನು ಸ್ನಾನ ಅರ್ಧಕ್ಕೆ ಬಿಟ್ಟು ಬಂದಿದ್ದ, ಕಿವಿಯ ಹಿಂದೆ ಸೋಪು.

"ಮಿಲ್ ಶುರು ಆತೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಪಂಪಣ್ಣ, "ಬರೋ ಸೀಸನ್ ಗ್ಯಾರಂಟಿ" ಅಂದ.

ತಡೆಯಲಿಲ್ಲ. ಒಂಬತ್ತು ವರ್ಷದ ಹಿಂದೆ ನಾನು ಹೇಳಿದ ಮಾತನ್ನೇ ಅವನು ಹೇಳುತ್ತಿದ್ದ. ಕೇಳಲು ಭಾಳ ಚೆನ್ನಾಗಿತ್ತು.

ಏಪ್ರಿಲ್ 9, ಬುಧವಾರ

ಬೆಂಗಳೂರಿನಿಂದ ಒಬ್ಬಳು ಕನ್ಸಲ್ಟೆಂಟ್ ಬಂದಿದ್ದಳು. ಹೆಸರು ಸ್ಫೂರ್ತಿ. ಪಾರ್ಟಿಯ ಕಡೆಯವಳು. ಇಬ್ಬರು ಹುಡುಗರು ಟೇಪ್ ಹಿಡಿದು ಡ್ರಮ್ ಅಳೆದರು. ನಾನು ಮುಂದೆ ನಿಂತು ಎಲ್ಲ ತೋರಿಸಿದೆ, ಗ್ಯಾಸ್ಕೆಟ್ ಹೋದ ವರ್ಷದ್ದು, ಟ್ಯೂಬ್ ಎಲ್ಲ ಒರಿಜಿನಲ್ ಅಂತ. ಆಮೇಲೆ ಒಬ್ಬ ಹುಡುಗ ಬಿಳಿ ಪೇಂಟಿನಲ್ಲಿ ಡ್ರಮ್ಮಿನ ಮೇಲೆ ನಂಬರ್ ಬರೆಯತೊಡಗಿದ. ಡಿ-1. ಟ್ಯೂಬಿನ ಸಾಲಿಗೆ ಟಿ-1, ಟಿ-2.

"ನಂಬರ್ ಯಾಕ್ರಿ?"

ಆ ಹುಡುಗಿ ನನ್ನನ್ನೇ ನೋಡಿದಳು. "ನಿಮಗೆ ಹೇಳಿಲ್ವಾ ಸರ್? ಬಿಚ್ಚಿ ಒಯ್ದ ಮೇಲೆ ಅದೇ ಆರ್ಡರಲ್ಲಿ ಜೋಡಿಸ್ಬೇಕಲ್ಲ."

ಎಲ್ಲಿಗೆ ಅಂದೆ. ಉತ್ತರದ ಕಡೆ ಯಾವುದೋ ಗಡಿ ತಾಲ್ಲೂಕು. ಅಲ್ಲಿ ಹೊಸ ಸಕ್ಕರೆ ಮಿಲ್. ಕುರ್ಚಿ ತಂದುಕೊಟ್ಟಳು. ಒಳ್ಳೆಯ ಹುಡುಗಿ, ಸುಳ್ಳು ಹೇಳಲಿಲ್ಲ.

"ಇಲ್ಲೇ ಶುರು ಮಾಡಬಹುದಿತ್ತಲ್ರಿ. ಕಬ್ಬು ಗೇಟಿನ ಮುಂದ ಹೊಕ್ಕೈತಿ. ನೀರು ಐತಿ. ಬಾಯ್ಲರ್ ನೀವ ನೋಡೀರಿ."

"ನಮ್ಮ ಪಾರ್ಟಿ ಲೆಕ್ಕದಲ್ಲಿ ಇಲ್ಲಿ ಹಳೇದನ್ನ ಎಬ್ಬಿಸಿದ್ರೆ ರಿಪೇರಿ ಅಷ್ಟೇ ಸರ್. ಅಲ್ಲಿ ಕೂರಿಸಿದ್ರೆ ಹೊಸ ಯೂನಿಟ್. ಸೌಲಭ್ಯ ಎಲ್ಲಾ ಹೊಸದಕ್ಕೆ, ಅದೂ ತೀರಾ ಹಿಂದುಳಿದ ಕಡೆಗೆ."

"ನಾವು ಹಿಂದುಳಿದಿಲ್ಲೇನ್ರಿ?"

"ಸರಾಸರಿ ನೋಡ್ತಾರೆ ಸರ್. ಸಂಡೂರಿನ ಅದಿರು, ಆ ಕಡೆಯ ಸ್ಟೀಲು, ಎಲ್ಲಾ ಕೂಡಿಸಿ ತಲೆಗೆ ಭಾಗಿಸ್ತಾರೆ. ಪೇಪರ್ ಮೇಲೆ ನಿಮ್ಮ ಕಡೆಯವರು ಚೆನ್ನಾಗಿದ್ದಾರೆ."

"ಆ ಅದಿರಿನ ಧೂಳು ಕುಡಿದು ಪುಪ್ಪುಸ ಕೆಡಿಸ್ಕೊಂಡ ಪಂಪಣ್ಣ ಅಂತ ಒಬ್ಬನದಾನ್ರಿ. ಅವನೂ ಆ ತಲಿಯಾಗ ಬಂದಾನೇನು?"

ಪೆನ್ನಿಗೆ ಮುಚ್ಚಳ ಹಾಕಿದಳು. "ಬಂದಿರ್ತಾರೆ ಸರ್" ಅಂದಳು.

ಹೋಗುವಾಗ ಇನ್ನೊಂದು ಮಾತು ಹೇಳಿದಳು, ಒಳ್ಳೆಯದೆಂದೇ ಹೇಳಿದಳು. ಮೊದಲು ಇದನ್ನು ಗುಜರಿಗೆ ಹಾಕುವ ಯೋಚನೆ ಇತ್ತಂತೆ. ಹಾಕಿದ್ದರೆ ಅಲ್ಲಿಗೆ ಹೊಸ ಬಾಯ್ಲರ್ ಕೊಳ್ಳಬೇಕಾಗುತ್ತಿತ್ತು, ಆಗ ಅವರ ಲೆಕ್ಕ ಕೂಡುತ್ತಿರಲಿಲ್ಲ, ಈ ಕಂಪ್ಲಿಯ ಮಿಲ್ಲನ್ನೇ ಇನ್ನೊಮ್ಮೆ ನೋಡೋಣ ಅನ್ನುವ ಮಾತೂ ಬಂದಿತ್ತಂತೆ. ಟೆಸ್ಟ್ ರಿಪೋರ್ಟ್ ನೋಡಿದ ಮೇಲೆ ಎಲ್ಲ ಸಲೀಸಾಯಿತು. "ನೀವು ಅಷ್ಟು ಚೆನ್ನಾಗಿ ಇಟ್ಕೊಂಡಿದ್ದಕ್ಕೆ ಸರ್."

ಕೊಟ್ರಯ್ಯ ಇವತ್ತು ರಜೆ.

ಏಪ್ರಿಲ್ 10

ಏನೂ ಬರೆಯಲಾಗುತ್ತಿಲ್ಲ. ಪ್ರೆಶರ್ ಸೊನ್ನೆ.

ಏಪ್ರಿಲ್ 15, ಮಂಗಳವಾರ

ಸುಣ್ಣದ ದಿನ. ಬಿಚ್ಚುವವರು ಮೇ ಮಧ್ಯದಲ್ಲಿ ಬರುತ್ತಾರೆ. ಸೈಟಿಗೆ ಬಂದ ಮೇಲೆ ಇನ್ನೊಮ್ಮೆ ಚೆಕ್ ಮಾಡಿಯೇ ಕೊನೆಯ ಸಹಿ ಅಂತೆ.

ಮಧ್ಯಾಹ್ನ ಮೋಡ ಕಟ್ಟಿತ್ತು. ಡ್ಯಾಂ ಕಡೆಯಿಂದ ಮಳೆ ಬಂತು. ಮಾಡಿನ ಶೀಟು ಎರಡು ಕಡೆ ಹಾರಿಹೋಗಿದೆ, ಮೇಲಿನ ಡ್ರಮ್ಮಿನ ಪಕ್ಕದಲ್ಲೇ ನೀರು ಸುರಿಯುತ್ತದೆ. ಮ್ಯಾನ್‌ಹೋಲ್ ತೆಗೆದಿದ್ದೆ. ಟ್ರೇಗಳನ್ನು ಹೊರಗೆ ಇಟ್ಟಿದ್ದೆ. ಹಾಗೆಯೇ ಬಿಟ್ಟು ಮನೆಗೆ ಹೋದರೆ ಸಾಕು. ಯಾರೂ ಕೇಳುವವರಿಲ್ಲ. ನಾಲ್ಕು ವಾರ, ನಾಲ್ಕು ಮಳೆ. ಟ್ಯೂಬಿನ ಬಾಯಿ ತುಕ್ಕು ಹಿಡಿದರೆ ರಿಪೋರ್ಟ್ ತಿರುಗುತ್ತದೆ. ಅವರ ಲೆಕ್ಕ ಕೆಡುತ್ತದೆ. ಇದು ಇಲ್ಲೇ ಉಳಿಯುತ್ತದೆ.

ಒಂದು ಗಂಟೆ ಕುಳಿತೆ. ನೀರು ಮ್ಯಾನ್‌ಹೋಲಿನ ಅಂಚಿಗೆ ಬಂತು. ಒಂದು ಹನಿ ಒಳಗೆ ಬಿದ್ದ ಸದ್ದು ಕೇಳಿತು.

ಎದ್ದು ಒರೆಸಿದೆ. ಅಂಗಿ ಬಿಚ್ಚಿ ಅದರಲ್ಲೇ ಒರೆಸಿದೆ. ಹೊಸ ಸುಣ್ಣ ಇಟ್ಟೆ, ಅರ್ಧ ಟ್ರೇ. ಮುಚ್ಚಿ ಬೋಲ್ಟ್ ಬಿಗಿದೆ. ನನ್ನ ಕೈಗೆ ಬೇರೆ ಏನೂ ಬರುವುದಿಲ್ಲ, ಅದೇ ನನ್ನ ಕರ್ಮ.

ಹೇಮಾವತಿಗೆ ಹೇಳಿದೆ. "ಕಬ್ಬಿಣದ ಮ್ಯಾಲ ಇರೋ ಕರುಣಿ ಮನುಷ್ಯಾರ ಮ್ಯಾಲ ಇರಬೇಕಿತ್ತು" ಅಂದಳು. ಪಂಪಣ್ಣನ ವಿಷಯವೇ ಅದು. ಇವತ್ತು ಅವನ ಫೋನ್ ಬಂದಿತ್ತು. ಎತ್ತಲಿಲ್ಲ.

ಏಪ್ರಿಲ್ 27, ಭಾನುವಾರ

ಸಂಡೂರಿಗೆ ಹೋಗಿ ಬಂದೆ. ಬಸ್ಸಿನ ಕಿಟಕಿ, ಗಿಡದ ಎಲೆ, ಎಮ್ಮೆ, ಎಲ್ಲ ಕೆಂಪು. ಅದಿರು ತುಂಬಿದ ಲಾರಿಗಳು ಇಳಿಯುತ್ತವೆ, ಖಾಲಿ ಲಾರಿಗಳು ಹತ್ತುತ್ತವೆ. ಇಷ್ಟೆಲ್ಲ ಹೊರಗೆ ಹೋಗಿಯೂ ಸರಾಸರಿ ಮಾತ್ರ ಇಲ್ಲೇ ಉಳಿದಿದೆ.

ಪಂಪಣ್ಣ ಬಾಡಿಗೆ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಮಲಗಿದರೆ ಉಸಿರು ಸಿಗುವುದಿಲ್ಲವಂತೆ. ಅವನ ಹೆಂಡತಿ ಜಂಬಮ್ಮ ನೀರು ಕೊಟ್ಟಳು, ಮಾತಾಡಿಸಲಿಲ್ಲ.

"ಸುಣ್ಣ ಹೆಂಗೈತಲೇ? ಈ ಸಲ ಫೋನ ಎತ್ತಲಿಲ್ಲ."

ಹೇಳಿಬಿಟ್ಟೆ. ಡಿ-1 ಅಂತ ಪೇಂಟಿನಲ್ಲಿ ಬರೆದದ್ದನ್ನೂ ಹೇಳಿದೆ. ನಾವು ಪಂಪ್ ಹೊಡೆದದ್ದಕ್ಕೇ ಹೋಗುತ್ತಿದೆ ಅನ್ನುವುದನ್ನು ಹೇಳಬಾರದು ಅಂತ ಬಸ್ಸಿನಲ್ಲಿ ಅಂದುಕೊಂಡಿದ್ದೆ. ಅದನ್ನೂ ಹೇಳಿದೆ.

ಬೀದಿ ನೋಡುತ್ತ ಕುಳಿತ. ಎರಡು ಲಾರಿ ಹೋದವು.

"ಮುಳ್ಳು ಎಷ್ಟೊತ್ತು ನಿಂತಿತ್ತು?"

"ಮೂವತ್ತು ನಿಮಿಷ. ನೀನ ನೋಡಿದ್ಯಲ್ಲ."

"ಒಂದ ಪಾಯಿಂಟ್ ಇಳೀಲಿಲ್ಲ."

"ಇಳೀಲಿಲ್ಲ."

ಇನ್ನೊಂದು ಲಾರಿ ಹೋಯಿತು. ಆಮೇಲೆ ನನ್ನ ಕಡೆ ತಿರುಗದೆ, "ಆವತ್ತು ನೀ ಹೋಗು ಅಂದಿದ್ರ ಹೊಕ್ಕಿದ್ದೆ ಶಂಭು" ಅಂದ.

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ಸು ಎಷ್ಟಕ್ಕಿದೆ ಅಂತ ಹೇಳಿದಷ್ಟು ಮೆಲ್ಲಗೆ ಹೇಳಿದ. ನಾನು ಅವನ ಕಾಲು ಹಿಡಿದೆ. "ಏಳಲೇ, ಮಂದಿ ನೋಡ್ತಾರ" ಅಂದ. ಕೆಮ್ಮು ಶುರುವಾಯಿತು, ಜಂಬಮ್ಮ ಬಂದು ಬೆನ್ನು ನೀವಿದಳು. ನಾನು ಎದ್ದು ಬಂದೆ.

ಮೇ 26, ಸೋಮವಾರ. ಬೆಳಿಗ್ಗೆ 7.15

ಟ್ರೇಲರ್ ಹೊರಟಿತು. ಎರಡು ಡ್ರಮ್ಮಿನ ಮೇಲೂ ನೀಲಿ ಟಾರ್ಪಾಲ್. ಮ್ಯಾನ್‌ಹೋಲಿಗೆ ನಾನೇ ಪ್ಲಾಸ್ಟಿಕ್ ಸುತ್ತಿ ಹಗ್ಗ ಕಟ್ಟಿದೆ. ಡ್ರೈವರಿಗೆ ಮಳೆಯಲ್ಲಿ ನಿಲ್ಲಿಸಬೇಡ ಅಂತ ಹೇಳಿದೆ. ಅವನು ಪಂಜಾಬಿ, ಏನು ತಿಳಿಯಿತೋ.

ಗೇಟಿನ ಹೊರಗೆ ಅಂಜಿನೇಯ ಬೈಕ್ ನಿಲ್ಲಿಸಿಕೊಂಡು ನೋಡುತ್ತಿದ್ದ. ಪಂಪಣ್ಣನ ಗ್ಯಾರಂಟಿ ನಂಬಿ ಬಾಳೆ ಕಿತ್ತು ಕಬ್ಬು ಹಾಕಿದ್ದಾನಂತೆ. ಟ್ರೇಲರ್ ತಿರುವು ದಾಟುವವರೆಗೆ ಇದ್ದು, ಬೈಕ್ ಒದ್ದು ಹೊರಟುಹೋದ.

ಬಾಯ್ಲರ್ ಹೌಸಿಗೆ ಬಂದೆ. ಚೌಕಾಕಾರದ ಖಾಲಿ. ಆಕಾಶ ಕಾಣುತ್ತದೆ.

ಜೂನ್ 20

ಪಂಪಣ್ಣ ಹೋದ. ಒಂಬತ್ತನೆಯ ತಾರೀಖು.

ಹನ್ನೊಂದು ದಿನ ಈ ಬುಕ್ ತೆಗೆಯಲಿಲ್ಲ. ಕಂಪ್ಲಿಗೆ ತಂದು ಹೊಳೆದಂಡೆಯ ಕಡೆ ಮಣ್ಣು ಮಾಡಿದರು. ನಾನು ಹಿಂದೆ ನಿಂತಿದ್ದೆ. ಮುಂದೆ ಹೋಗುವ ಮುಖ ಇರಲಿಲ್ಲ.

ಇವತ್ತು ಜಂಬಮ್ಮನ ಹತ್ತಿರ ಹೋಗಿದ್ದೆ, ಹೇಮಾವತಿ ಎಳೆದುಕೊಂಡೇ ಹೋದಳು. ಜಂಬಮ್ಮ ಒಳಗಿನಿಂದ ಒಂದು ಗಂಟು ತಂದಳು. ಹಳೆಯ ಪಂಚೆಯ ತುಂಡಿನಲ್ಲಿ ಆ ನೀಲಿ ಗಾಜು.

"ಮಿಲ್ ಶುರು ಆದ್ರ ಬೇಕಾಕ್ಕೈತಿ ಅಂತ ಟ್ರಂಕಿನ್ಯಾಗ ಇಟ್ಟಿದ್ರು. ಯಾವ ಮನಿಗಿ ಹೋದ್ರೂ ಮೊದ್ಲ ಇದ್ನ ಇಡೋರು. ನೀವ ಇಟ್ಕೊಳ್ರಿ."

ಬೇಡ ಅಂದೆ.

"ಇಟ್ಕೊಳ್ರಿ. ನಾ ಹೋಗ್ರಿ ಹೋಗ್ರಿ ಅಂತ ಆ ಲೆಟರ್ ಬಂದಾಗ ಎಷ್ಟ ಬಡ್ಕೊಂಡೆ. ನನ್ನ ಮಾತು ಕೇಳಲಿಲ್ಲ. ನಿಮ್ಮ ಮಾತು ಕೇಳಿದ್ರು."

ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅಳಲಿಲ್ಲ. ನಾನು ಗಾಜು ತೆಗೆದುಕೊಂಡು ಬಂದೆ.

ಜುಲೈ 15

ಅಭ್ಯಾಸದಿಂದ ಬೆಳಿಗ್ಗೆ ಸ್ಪ್ಯಾನರ್ ತೆಗೆದುಕೊಂಡೆ. ಬಾಗಿಲವರೆಗೆ ಹೋಗಿ ನೆನಪಾಯಿತು. ಸಂಜೆ ಆರಕ್ಕೆ ಫೋನ್ ನೋಡಿದೆ. ಆರೂವರೆಯವರೆಗೆ ನೋಡಿದೆ.

ಆಗಸ್ಟ್ 3

ಕ್ವಾರ್ಟರ್ಸ್ ಖಾಲಿ ಮಾಡಿದೆವು. ಹೇಮಾವತಿಯ ಗೆಸ್ಟ್ ಹೌಸಿನಲ್ಲೇ ಹಿಂದಿನ ಕೋಣೆ ಕೊಟ್ಟಿದ್ದಾರೆ. ನನಗೂ ಕೆಲಸ. ಬೆಳಿಗ್ಗೆ ಕಟ್ಟಿಗೆ ಹಾಕಿ ಗೆಸ್ಟುಗಳಿಗೆ ಸ್ನಾನದ ನೀರು ಕಾಯಿಸುವುದು. ತಗಡಿನ ಬಾಯ್ಲರ್, ನನ್ನ ಸೊಂಟದಷ್ಟು ಎತ್ತರ. ಓನರ್ ಎಲ್ಲರಿಗೂ, "ಇವ್ರು ಫಸ್ಟ್ ಕ್ಲಾಸ್ ಬಾಯ್ಲರ್ ಅಟೆಂಡೆಂಟ್" ಅಂತ ಪರಿಚಯ ಮಾಡಿಸುತ್ತಾನೆ. ತಮಾಷೆ ಅಲ್ಲ, ಹೆಮ್ಮೆಗೆ ಹೇಳುತ್ತಾನೆ ಪಾಪ. ಗೆಸ್ಟುಗಳು ನಗುತ್ತಾರೆ, ನಾನೂ ನಗುತ್ತೇನೆ.

ಲಾಗ್ ಬುಕ್ ಒಂದೇ ಒಂದು ತಂದಿದ್ದೇನೆ, ಇದು.

ಸೆಪ್ಟೆಂಬರ್ 15, ಸೋಮವಾರ. ಸಂಜೆ 6.20

ಫೋನ್ ಬಂತು. ಸರಿಯಾಗಿ ಆರು ಗಂಟೆಗೆ. ಗೊತ್ತಿಲ್ಲದ ನಂಬರ್. ಎದ್ದು ನಿಂತು ಎತ್ತಿದೆ.

"ಶಂಭುಲಿಂಗಪ್ಪನವ್ರೇನ್ರಿ? ನಾ ಈಶ್ವರ್ ಅಂತ್ರಿ. ನಿಮ್ಮ ಬಾಯ್ಲರ್ ಬಂದೈತಲ್ರಿ, ಇಲ್ಲಿ ನನ್ನ ಫೈರ್‌ಮನ್ ಅಂತ ತಗೊಂಡಾರ. ಕೊಟ್ರಯ್ಯ ಸರ್ ನಂಬರ್ ಕೊಟ್ರು."

ದನಿ ಕೇಳಿದರೆ ಮೂವತ್ತು ವರ್ಷ ಇರಬಹುದು. ಮಿಲ್ ಎಲ್ಲಿಯವರೆಗೆ ಬಂತು ಅಂದೆ. ಇನ್ನೂ ಪಾಯ ತೋಡಿಲ್ಲವಂತೆ. ಬೋರ್ಡು ಹಾಕಿದ್ದಾರೆ, ಪೂಜೆ ಆಗಿದೆ. ಪಾರ್ಟಿಗೆ ಏನೋ ಮಂಜೂರಾತಿ ಬಾಕಿ. ಬರುವ ಸೀಸನ್ನಿಗೆ ಗ್ಯಾರಂಟಿ ಅಂತ ಹೇಳಿದ್ದಾರೆ.

"ಡ್ರಮ್ ಎಲ್ಲಿ ಇಟ್ಟಾರಪಾ?"

"ಬಯಲಾಗ ಐತ್ರಿ. ಟಾರ್ಪಾಲ್ ಹರದೈತಿ. ಮ್ಯಾನ್‌ಹೋಲ್ ಪ್ಲಾಸ್ಟಿಕ್ ಯಾರೋ ಬಿಚ್ಚಿದ್ರು. ಒಳಗ ಸ್ವಲ್ಪ ಕೆಂಪಗ ಕಾಣಾಕತ್ತೈತಿ. ನೀವು ಸುಣ್ಣ ಇಡ್ತಿದ್ರಂತ, ಹತ್ತು ವರ್ಷ ಏನೂ ಆಗಿಲ್ಲಂತ. ಹೆಂಗ ಇಡೋದು ಹೇಳ್ಕೊಡ್ರಿ. ನಾ ನೋಡ್ಕೊಂತೀನಿ."

ಕೆಂಪಗೆ. ನಾಲ್ಕು ತಿಂಗಳಿಗೆ. ಕೂಗಾಡಬೇಕು ಅನ್ನಿಸಿತು. ಆದರೆ ಈ ಹುಡುಗನ ಮೇಲೆ ಏನು ಕೂಗುವುದು. ಇಡೀ ಊರಿನಲ್ಲಿ ಅದನ್ನು ನೋಡಿಕೊಳ್ಳುತ್ತೇನೆ ಅಂದವನು ಅವನೊಬ್ಬನೇ. ಈಗಲೂ ಕೆರೆದು ಒಣಗಿಸಿ ಸುಣ್ಣ ಇಟ್ಟರೆ ಉಳಿಯುತ್ತದೆ. ಅವನು ಇದ್ದರೆ ಉಳಿಯುತ್ತದೆ.

ಬರೆದು ವಾಟ್ಸಾಪ್ ಮಾಡುತ್ತೇನೆ ಅಂದೆ. ಇಡುವ ಮೊದಲು ಅವನು ತಡೆದ.

"ಇನ್ನೊಂದು ಮಾತು ಕೇಳ್ಲೇನ್ರಿ? ನನಗ ಬ್ಯಾರೆ ಕಡೆ ಲೆಟರ್ ಬಂದೈತ್ರಿ. ಪರ್ಮನೆಂಟ್ ಐತಿ. ಇದೇ ವಾರ ಹೇಳ್ಬೇಕು. ಇಲ್ಲಿ ಮಿಲ್ ಆದ್ರ ಮನಿ ಹತ್ರ ಆಕ್ಕೈತಿ. ನೀವು ಹಿರಿಯರು, ಆ ಬಾಯ್ಲರ್ ಬಲ್ಲೋರು. ಹೋಗ್ಲೇನ್ರಿ, ಇರ್ಲೇನ್ರಿ?"

ಬರೆದು ಕಳಿಸುತ್ತೇನೆ ಅಂತಲೇ ಅಂದೆ. ಫೋನ್ ಇಟ್ಟೆ. ನೀಲಿ ಗಾಜು ಕಿಟಕಿಯಲ್ಲಿದೆ. ಇಲ್ಲಿ ಮೊದಲು ಬರೆದು ಆಮೇಲೆ ಫೋನಿನಲ್ಲಿ ಕಳಿಸುತ್ತೇನೆ.

ಈಶ್ವರ್, ಮೊದಲು ತುಕ್ಕು ಕೆರೆದು ಒಣ ಬಟ್ಟೆಯಲ್ಲಿ ಒರೆಸು. ಸಣ್ಣ ಬೆಂಕಿಯಲ್ಲಿ ಒಣಗಿಸು. ಸುಟ್ಟ ಸುಣ್ಣ ಭಟ್ಟಿಯಿಂದ ಅದೇ ದಿನ ಬಂದದ್ದಿರಲಿ. ಟ್ರೇ ಅರ್ಧ ಮಾತ್ರ ತುಂಬು. ಒಳಗೆ ಇಳಿಯುವಾಗ ಹೊರಗೆ ಒಬ್ಬರು ಇರಲೇಬೇಕು. ಗ್ಯಾಸ್ಕೆಟ್ ಹೊಸದು ಹಾಕು. ತಿಂಗಳಿಗೊಮ್ಮೆ ತೆಗೆದು ನೋಡು. ಹರಳು ಗಟ್ಟಿ ಇದ್ದರೆ ಬಾಯ್ಲರ್ ಕೆಟ್ಟಿಲ್ಲ ಅಂತ ಅರ್ಥ. ಮಿಲ್ ಶುರುವಾಗುತ್ತದೆ ಅಂತ ಅರ್ಥ ಅಲ್ಲ. ನನಗೆ ಅದು ತಿಳಿಯಲು...

ಇಲ್ಲ. ಇದೆಲ್ಲ ಹೊಡೆದುಹಾಕುತ್ತೇನೆ. ಇದನ್ನು ಕಳಿಸಿದರೆ ಅವನು ಉಳಿದುಬಿಡುತ್ತಾನೆ.

ಈಶ್ವರ್, ಡ್ರಮ್ ತುಕ್ಕು ಹಿಡಿದರೆ ಹಿಡಿಯಲಿ. ನೀನು ನಾಳೆಯೇ ಹೋಗು.